ತುರಿಕೆ ಬಟ್ಟೆಯದಲ್ಲ

"ಇವತ್ತಿಂದ ನೀನು ಮೆಷಿನ್ ಮುಟ್ಟಬೇಡ. ನಿನ್ನ ಕೆರೆತ ನೋಡಿ ಗಿರಾಕಿಗಳು ಮೆಟ್ಟಿಲು ಹತ್ತೋದೇ ಬಿಟ್ಟಿದ್ದಾರೆ" ಎಂದ ಟೈಲರ್, ಹೆಂಡತಿಗೆ.

ಅವನು ಕತ್ತರಿಸಿದ್ದನ್ನು ಅವಳು ಹೊಲಿದರೇನೇ ಆ ಅಂಗಡಿ ನಡೆಯುತ್ತಿದ್ದುದು. ಎರಡು ವರ್ಷದಿಂದ ಅವಳಿಗೆ ಮೈಯೆಲ್ಲ ತುರಿಕೆ. ರಾತ್ರಿಯಾದರೆ ಅಂಗೈ, ಅಂಗಾಲು ಕೆಂಡ. ಕೂತರೆ ಏಳಲಾಗದ ಸುಸ್ತು. ಹೊಸ ಬಟ್ಟೆಯ ಗಂಜಿ ಮೈಗೆ ಆಗುತ್ತಿಲ್ಲವೆಂದು ಮನೆಮಂದಿ ತೀರ್ಪು ಕೊಟ್ಟರು. ಗಿರಾಕಿಗಳು ತಂದ ತುಂಡುಗಳನ್ನೆಲ್ಲ ಒಗೆದು ಒಣಗಿಸಿ ಹೊಲಿದರು. ಬಟ್ಟೆಯ ಬಣ್ಣ ಹೋಯಿತೇ ಹೊರತು ತುರಿಕೆ ಹೋಗಲಿಲ್ಲ. ಅತ್ತೆ ಅವಳ ಟವೆಲ್ಲು, ಸೋಪು ಬೇರೆ ಇಟ್ಟರು.

ಅಷ್ಟರಲ್ಲಿ ಸಮವಸ್ತ್ರ ಹೊಲಿಸಲು ಆರೋಗ್ಯ ಕೇಂದ್ರದ ನರ್ಸ್ ಬಂದರು. ಹೆಂಗಸರ ಅಳತೆ ಅವಳೇ ತೆಗೆಯಬೇಕು. ಟೇಪು ಹಿಡಿದ ಕೈಯನ್ನು ನರ್ಸ್ ಹಾಗೇ ತಿರುಗಿಸಿ ನೋಡಿದರು.

"ಅಕ್ಕಾ, ಗುಳ್ಳೆ ಇಲ್ಲ, ಕಜ್ಜಿ ಇಲ್ಲ. ಬರೀ ಉಗುರಿನ ಗೆರೆ. ಕಣ್ಣು, ಬಾಯಿ ಒಣಗುತ್ತಾ?"

"ಕಣ್ಣಿಗೆ ಮರಳು ಬಿದ್ದ ಹಾಗಿರುತ್ತೆ ಸಿಸ್ಟರ್."

"ನಾಳೆನೇ ಬನ್ನಿ. ಲಿವರ್ ಪರೀಕ್ಷೆ ಮಾಡಿಸೋಣ."

ಟೈಲರ್ ಕಿಸಕ್ಕನೆ ನಕ್ಕ. "ಲಿವರ್ರಾ? ನಮ್ಮನೇಲಿ ಹೆಂಡದ ವಾಸನೆ ಕಂಡೋರೇ ಇಲ್ಲ!"

"ಬೇಡಮ್ಮಾ, ಸೊಸೆ ಕುಡೀತಾಳೆ ಅಂತಾರೆ ಜನ. ಮಾನ ಹೋಗುತ್ತೆ" ಎಂದರು ಅತ್ತೆ.

ಕೋಪ ಒಳ್ಳೆಯದಲ್ಲ ನಿಜ. ಆದರೆ ಆ ದಿನ ಅವಳಿಗೆ ಬಂದ ಕೋಪವನ್ನು ದೇವರೇ ಕಳಿಸಿರಬೇಕು.

"ಮಾನ ನಿಮ್ಮದು, ಮೈ ನನ್ನದು ಅತ್ತೆ! ಸುಸ್ತು ಅಂದ್ರೆ ನೆಪ ಅಂದ್ರಿ. ಕೆರೆದ್ರೆ ಅಂಟುರೋಗ ಅಂದ್ರಿ. ಒಬ್ಬರಾದ್ರೂ ಆಸ್ಪತ್ರೆಗೆ ಹೋಗೋಣ ಅಂದ್ರಾ? ನಾನು ಹೋಗೇ ಹೋಗ್ತೀನಿ. ಬರೋರು ಬನ್ನಿ!"

ಮರುದಿನ ಮುಖ ಊದಿಸಿಕೊಂಡೇ ಗಂಡನೂ ಹೋದ. ರಕ್ತಪರೀಕ್ಷೆ, ಸ್ಕ್ಯಾನ್ ಆಯಿತು. ವರದಿ ಬಂದ ಮೇಲೆ ದೊಡ್ಡಾಸ್ಪತ್ರೆಯ ಲಿವರ್ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು:

"ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿನೇ ಲಿವರ್ ಒಳಗಿನ ಸಣ್ಣ ಪಿತ್ತನಾಳಗಳ ಮೇಲೆ ತಿರುಗಿಬಿದ್ದಿದೆ. ಪಿತ್ತ ಅಲ್ಲೇ ನಿಂತು ಲಿವರ್ ಕೆಡಿಸುತ್ತೆ. ಈ ರೋಗಕ್ಕೆ ಪಿಬಿಸಿ ಅಂತಾರೆ. ತುರಿಕೆ, ಸುಸ್ತು ಎಲ್ಲ ಇದರದ್ದೇ. ಕುಡಿತದಿಂದ ಬಂದದ್ದಲ್ಲ, ಯಾರಿಗೂ ಅಂಟಲ್ಲ."

"ವಾಸಿ ಆಗುತ್ತಾ?" ಗಂಡನ ದನಿ ಇಳಿದಿತ್ತು.

"ಪೂರ್ತಿ ಹೋಗಲ್ಲ. ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನ ದಿನಾ ತಗೊಂಡ್ರೆ ಬಹಳ ಜನರಲ್ಲಿ ರೋಗ ಹತೋಟಿಗೆ ಬರುತ್ತೆ. ತುರಿಕೆಗೆ ಬೇರೆ ಔಷಧಿ ಕೊಡ್ತೀನಿ. ರಕ್ತಪರೀಕ್ಷೆ ಆಗಾಗ ಮಾಡಿಸ್ಲೇಬೇಕು. ಕಾಮಾಲೆ ಕಾಣೋಕೆ ಮುಂಚೆನೇ ಬಂದ್ರಲ್ಲ, ಅದು ನಿಮ್ಮ ಪುಣ್ಯ."

ಕೆಲವು ತಿಂಗಳಲ್ಲಿ ತುರಿಕೆ ತಗ್ಗಿತು. "ಮಾತ್ರೆ ಇನ್ನು ಸಾಕಲ್ವಾ?" ಎಂದರು ಅತ್ತೆ.

ಈ ಸಲ ಸಿಡಿದವನು ಟೈಲರ್. "ತಗ್ಗಿರೋದು ತುರಿಕೆ ಅಮ್ಮಾ, ರೋಗ ಒಳಗೇ ಇದೆ! ಮಾತ್ರೆ ಬಿಡು ಅಂತ ಇನ್ನೊಂದು ಸಲ ಅಂದ್ರೆ ನಾನು ಸುಮ್ಮನಿರಲ್ಲ."

ಅತ್ತೆ ಎದ್ದು, ಸೊಸೆಗೆ ಮಾತ್ರೆಯನ್ನೂ ನೀರನ್ನೂ ತಂದುಕೊಟ್ಟರು.

ಅಕ್ಕತಂಗಿಯರೇ, ಗುಳ್ಳೆಯಿಲ್ಲದ ತುರಿಕೆ, ಬಿಡದ ಸುಸ್ತು ವಾರಗಟ್ಟಲೆ ಕಾಡಿದರೆ ಡಾಕ್ಟರ ಬಳಿ ಹೋಗಿ, ಲಿವರ್ ರಕ್ತಪರೀಕ್ಷೆಯ ಬಗ್ಗೆ ನೀವೇ ಕೇಳಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮನೆಯ ಗಂಡಸರೇ, ಹಿರಿಯರೇ, ಅವಳು ಕೆರೆದುಕೊಳ್ಳುತ್ತಾ ರಾತ್ರಿ ಕಳೆಯುವಾಗ ನಿಮಗೆ ನಿದ್ದೆ ಹೇಗೆ ಬರುತ್ತದೆ? ಏಳಿ, ಅವಳ ಜೊತೆ ಹೊರಡಿ.