ಆಣೆಯ ಹೊರಗಿಟ್ಟವನು

ಚಂದವ್ವ ಎರಡನೆಯ ರೊಟ್ಟಿ ಬಡಿಯುತ್ತಿದ್ದಳು. ಹತ್ತು ಗಂಟೆಗೆ ಮುಂಬಯಿ ಬಳಿಯ ಭಿವಂಡಿಯ ಈ ಓಣಿಯ ಬಾಯಿಗೆ ಎಚ್‌ಐವಿ ರಕ್ತ ಪರೀಕ್ಷೆಯ ಗಾಡಿ ಬರುವುದಿತ್ತು. ಆರು ತಿಂಗಳಿಗೊಮ್ಮೆ ಮೈಮಾರುವ ದಂಧೆಯ ಹೆಂಗಸರನ್ನೆಲ್ಲ ಎಬ್ಬಿಸಿ ಅಲ್ಲಿಗೆ ಕರೆದೊಯ್ಯುವ ಕೆಲಸ ಅವಳದು. ಅವಳೂ ಅದೇ ದಂಧೆಯವಳು. ಓದು ಬಾರದು; ಅದಕ್ಕೇ ಏಳನೇ ಕ್ಲಾಸಿನ ಮಗಳು ಕಾಂಚನಾ ನೆಲದ ಮೇಲೆ ಕೂತು ಎಲ್ಲರ ಪರೀಕ್ಷೆಯ ಕಾರ್ಡು ಜೋಡಿಸುತ್ತಿದ್ದಳು. ಒಂದು ಕಾರ್ಡು ಕೈಗೆ ಬಂದಾಗ ಏನೋ ಕೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ನಾಗವೇಣಿ ಓಡಿಬಂದಳು. ಗಂಡ ಬಿಟ್ಟ ಮೇಲೆ ರಾಯಚೂರಿನಿಂದ ಬಂದು ಏಳು ತಿಂಗಳಾದವಳು.

"ಅಕ್ಕಾ, ಗೋದಾಮಿನ ಹಮಾಲರ ಮುಕಾದಮ ಬಂದಾನ. ನಿರೋಧ್ ಒಲ್ಲೆ ಅಂತಾನ. ಬಾಲಮ್ಮ ನೋಡಿದ್ರ, ಹೂಂ ಅನ್ನು, ಇಲ್ಲಾಂದ್ರ ಖೋಲಿ ಖಾಲಿ ಮಾಡು ಅಂತಾಳ."

ಚಂದವ್ವ ಹಂಚನ್ನು ಮಗಳಿಗೆ ಒಪ್ಪಿಸಿ ಹಿಟ್ಟಿನ ಕೈಯಲ್ಲೇ ಎದ್ದಳು. ಹೋದವಳೇ ನಾಗವೇಣಿಯ ಬಾಗಿಲಿಗೆ ಅಡ್ಡ ನಿಂತಳು.

"ಏನ್ರೀ ಸಾಹೇಬ್ರ, ಪಾಕೀಟು ಪುಕ್ಕಟ ಕೊಡ್ತೀವಿ. ಅದೂ ಭಾರ ಆತೇನು?"

"ನನಗ್ಯಾವ ಬ್ಯಾನೀನೂ ಇಲ್ಲ."

"ಹಣಿ ಮ್ಯಾಲ ಬರದಿರತೈತೇನ್ರಿ ಅದು?"

ಕಿಟಕಿಗಳಲ್ಲಿ ನಗೆ ಎದ್ದಿತು. ಮುಕಾದಮ ಪಕ್ಕದ ಕದ ಬಡಿದ. ತೆರೆಯಲಿಲ್ಲ. ಅದರಾಚೆಯದೂ ತೆರೆಯಲಿಲ್ಲ. ಹೋದ ವರ್ಷ ಓಣಿಯ ಹೆಂಗಸರೆಲ್ಲ ಯಲ್ಲಮ್ಮನ ಭಂಡಾರ ಮುಟ್ಟಿ ಆಣೆ ಮಾಡಿದ್ದರು: ನಿರೋಧ್ ಒಲ್ಲೆನೆಂದವನನ್ನು ಒಬ್ಬಾಕೆ ತಿರುಗಿಸಿದರೆ ಇನ್ನೊಬ್ಬಾಕೆ ಒಳಗೆ ಬಿಡಕೂಡದು. ಗಂಡನ ಹಾಗೆ ಮನೆಗೆ ಬಂದು ಹೋಗುವವನನ್ನು ಮಾತ್ರ ಆಣೆಯ ಹೊರಗಿಟ್ಟಿದ್ದರು. ಅವನೇನು ಗಿರಾಕಿಯೇ, ಎಂದು ಮೊದಲು ಅಂದವಳೂ ಚಂದವ್ವನೇ.

ಮುಕಾದಮ ಬೈಯುತ್ತ ಹೋದ. ಖೋಲಿಗಳ ಒಡತಿ ಬಾಲಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ನಾಗವೇಣಿನ್ನ ಹೊರಗ ಹಾಕ್ತೀನಿ."

"ಹಾಕು. ಅವತ್ತೇ ನಿನ್ನ ಆರೂ ಖೋಲಿ ಖಾಲಿ. ಗ್ವಾಡಿಗೆ ಬಾಡಿಗಿ ಕೇಳಂತಿ."

ಬಾಲಮ್ಮ ಸೊಂಟದ ಮೇಲಿನ ಕೈ ಇಳಿಸಿದಳು. ಆಮೇಲೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು: "ಊರಿಗೆಲ್ಲಾ ಬುದ್ಧಿ ಹೇಳ್ತೀಯಲ್ಲ, ನಿನ್ನ ಅಂಬಾದಾಸ ಕಲ್ಯಾಣದಿಂದ ಬಂದಾಗ ಅವಗೂ ಪಾಕೀಟು ತೋರಸ್ತೀಯೇನು?"

ನಗೆ ನಿಂತಿತು.

"ಅವ ನನ್ನ ಗಂಡ ಇದ್ದಾಂಗ," ಎಂದಳು ಚಂದವ್ವ. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಯಾರ ಮುಖವನ್ನೂ ನೋಡದೆ ಮನೆಯತ್ತ ತಿರುಗಿದಳು. ಬೆರಳ ಮೇಲಿನ ಹಿಟ್ಟು ಒಣಗಿ ಬಿರಿದಿತ್ತು.

ಮನೆಯಲ್ಲಿ ರೊಟ್ಟಿ ಒಂದು ಬದಿ ಸೀದಿತ್ತು. ಗೂಟದಲ್ಲಿ ಅಂಬಾದಾಸನ ಅಂಗಿ ತೂಗುತ್ತಿತ್ತು.

"ಗೆದ್ದಿವಿ ನೋಡ," ಎಂದಳು ಚಂದವ್ವ.

ಕಾಂಚನಾ ನಗಲಿಲ್ಲ. ತಾಯಿಯ ಕಾರ್ಡು ಮುಂದೆ ಹಿಡಿದಳು. "ಎಲ್ಲಾರ ಕಾರ್ಡಿನ್ಯಾಗ ತಾರೀಖು ಐತಿ. ನಾಗವೇಣಿ ಮಾವಶಿದು ಸುದ್ದಾ. ನಿಂದು ಎರಡು ವರ್ಷದಿಂದ ಖಾಲಿ."

ಅಂಬಾದಾಸ ಬರತೊಡಗಿಯೂ ಎರಡು ವರ್ಷ. ಪರೀಕ್ಷೆ ಮಾಡಿಸಿದರೆ ಅವನನ್ನು ಅನುಮಾನಿಸಿದಂತೆ ಎಂದು ಚಂದವ್ವ ಪ್ರತಿ ಸಲ 'ಮುಂದಿನ ಸಲ' ಅನ್ನುತ್ತಿದ್ದಳು.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಕಾರ್ಡುಗಳ ಕಟ್ಟಿಗಾಗಿ ಚಂದವ್ವ ಕೈ ಚಾಚಿದಳು. ಮಗಳು ಕೊಡಲಿಲ್ಲ. ತಾಯಿ ನಾಗವೇಣಿಯ ಬಾಗಿಲಲ್ಲಿ ನಿಂತ ಹಾಗೆಯೇ ಹೊಸ್ತಿಲಿಗೆ ಅಡ್ಡ ನಿಂತು, ಗದ್ದ ಎತ್ತಿ ಕೇಳಿದಳು:

"ಅವ್ವಾ, ಇವತ್ತು ನೀನೂ ರಕ್ತ ಕೊಡ್ತೀಯೋ, ಇಲ್ಲೋ?"