ಕಾರಿನ ಗುಂಡಿಗೆ ಕುಂಕುಮ

ನಾಯಂಡಹಳ್ಳಿಯ ತಿಮ್ಮಯ್ಯನ ಕಾರನ್ನು ಎಬ್ಬಿಸುವುದು ಅವನ ಹಿರೀ ಹೆಂಡತಿ ಲಿಂಗಮ್ಮನೊಬ್ಬಳ ಕೈಲಿ ಮಾತ್ರ ಆಗುತ್ತಿತ್ತು. ಬೇಕಿದ್ದರೆ ಕೆಂಗೇರಿಯವರೆಗೆ ಯಾರನ್ನಾದರೂ ಕೇಳಿ ನೋಡಬಹುದಿತ್ತು. ಸರ್ಕಾರದವರು ಬಡಾವಣೆಗೆಂದು ಎರಡೆಕರೆ ಹೊಲ ತೆಗೆದುಕೊಂಡ ವರ್ಷ ಆ ಪರಿಹಾರದ ದುಡ್ಡಿನಲ್ಲಿ ತಿಮ್ಮಯ್ಯ ಬಸವನಗುಡಿಯ ಮುದುಕ ಡಾಕ್ಟರೊಬ್ಬರಿಂದ ಆ ಕರೀ ಕಾರನ್ನು ತಂದಿದ್ದ. ಯುದ್ಧಕ್ಕೂ ಮುಂಚಿನದು. ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಳಾದ್ದು ಒದೆಯುತ್ತಿತ್ತು ಬೇರೆ. ತಂದ ಮೂರನೇ ದಿನವೇ ಹ್ಯಾಂಡಲ್ ಹಿಂದಕ್ಕೆ ಹೊಡೆದು ತಿಮ್ಮಯ್ಯನ ಮಣಿಕಟ್ಟು ಮುರಿಯಿತು. ಆಮೇಲೆ ಊರಿನ ಮೀಸೆ ಹೊತ್ತ ಗಂಡಸರು ಒಬ್ಬರೂ ಅದರ ಹತ್ತಿರ ಸುಳಿಯಲಿಲ್ಲ.

ಲಿಂಗಮ್ಮ ಸುಳಿದಳು. ಇಪ್ಪತ್ತು ವರ್ಷ ರಾಗಿ ಬೀಸಿದ ತೋಳು ಅವಳದು. ಹೆಬ್ಬೆರಳನ್ನು ಹಿಡಿಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಕ್ಕೆ ಅದುಮದೆ ಮೇಲಕ್ಕೆ ಮಾತ್ರ ಎಳೆಯಬೇಕು, ಒದ್ದರೆ ಕೈ ತಾನಾಗಿ ಬಿಟ್ಟುಕೊಳ್ಳುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡು ಸಲ ಎಳೆದರೆ ಸಾಕು, ಕಾರು ಗೊರಗೊರ ಎನ್ನುತ್ತ ಏಳುತ್ತಿತ್ತು.

ಹೋದ ಕಡೆಯಲ್ಲೂ ಅದನ್ನು ಮತ್ತೆ ಎಬ್ಬಿಸಬೇಕಲ್ಲ! ಹಾಗಾಗಿ ತಿಮ್ಮಯ್ಯ ಕೋರ್ಟಿಗೆ ಹೋಗಲಿ, ಸಂತೆಗೆ ಹೋಗಲಿ, ತಿಥಿಗೆ ಹೋಗಲಿ, ಮುಂದಿನ ಸೀಟಿನಲ್ಲಿ ಲಿಂಗಮ್ಮ ಕೂತಿರಲೇಬೇಕು. ಕಿರೀ ಹೆಂಡತಿ ಯಶೋದಮ್ಮ ಮನೆ ಕಾಯಬೇಕು.

ಈ ಯಶೋದಮ್ಮನನ್ನು, ಮಕ್ಕಳಾಗಲಿಲ್ಲವೆಂದು ನಾಲ್ಕು ವರ್ಷದ ಹಿಂದೆ ಲಿಂಗಮ್ಮನೇ ಮುಂದೆ ನಿಂತು ಲಗ್ಗೆರೆಯಿಂದ ತಂದುಕೊಂಡಿದ್ದಳು. ತಂದುಕೊಂಡದ್ದೇನೋ ಸರಿ, ಹಾಗಂತ ಹೊಟ್ಟೆ ಉರಿಯದೆ ಇರುತ್ತದೆಯೇ? ಗಂಡನಿಗೆ ಮುದ್ದೆ ಬಡಿಸುವವಳು ಅವಳು, ಎಲೆ ಅಡಿಕೆ ಮಡಿಸಿ ಕೊಡುವವಳು ಅವಳು, ಒಳಕೋಣೆಯ ಬಾಗಿಲು ಮುಚ್ಚಿಕೊಳ್ಳುವವಳೂ ಅವಳೇ. ಇಪ್ಪತ್ತನಾಲ್ಕರ ಹೆಣ್ಣು, ಮೊಣಕಾಲಿಗೆ ಬರುವ ಜಡೆ ಬೇರೆ. ಆ ಜಡೆ ಕಂಡಾಗಲೆಲ್ಲ ಲಿಂಗಮ್ಮನಿಗೆ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಆಗುತ್ತಿತ್ತು.

ಅವಳ ಪಾಲಿಗೆ ಉಳಿದಿದ್ದು ಮುಂದಿನ ಸೀಟು ಒಂದೇ. ಅಲ್ಲಿ ತಿಮ್ಮಯ್ಯ ಮಾತಾಡುತ್ತಿದ್ದ. ಮೈಸೂರು ರಸ್ತೆಯ ಮರಗಳ ಕೆಳಗೆ ಕಾರು ಓಡುತ್ತಿದ್ದರೆ ಅವನ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬಾವಿಯ ನೀರು ತಗ್ಗಿದ್ದು, ದಾಯಾದಿಗಳ ಕಿರುಕುಳ, ಸತ್ತುಹೋದ ಅವ್ವ ಚಿಕ್ಕಂದಿನಲ್ಲಿ ಮಾಡಿಕೊಡುತ್ತಿದ್ದ ಹುರಿಹಿಟ್ಟು. ಒಂದು ದಿನ ಕುಂಬಳಗೋಡಿನ ಹತ್ತಿರ, "ಲಿಂಗೀ, ನಂಗೆ ಸಾಯಕ್ಕೆ ಭಯ ಕಣೇ" ಎಂದಿದ್ದ. ಇಂಥ ಮಾತನ್ನು ಬೇರೆ ಯಾರ ಹತ್ತಿರ ಆಡಿಯಾನು? ಆ ಸೀಟು ಒಂದಿದ್ದರೆ ಮಿಕ್ಕಿದ್ದೆಲ್ಲ ಸವತಿಗೇ ಹೋಗಲಿ ಎಂದುಕೊಂಡು ಲಿಂಗಮ್ಮ ಬದುಕುತ್ತಿದ್ದಳು.

ಅದಕ್ಕೂ ಕಲ್ಲು ಬಿತ್ತು.

ಒಂದು ಬೆಳಗ್ಗೆ ಲಿಂಗಮ್ಮ ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದಾಗ ಯಶೋದಮ್ಮ ಒಳಗೆ ಗಂಡನಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಪ್ಯಾಟೇಲಿ ಕಾರಿಗೆ ಗುಂಡಿ ಹಾಕ್ತಾರಂತೆ, ಒತ್ತಿದ್ರೆ ಸಾಕಂತೆ. ಪಾಪ, ಅಕ್ಕಯ್ಯಂಗೂ ವಯಸ್ಸಾಯ್ತು. ಎಷ್ಟೂಂತ ಹ್ಯಾಂಡಲ್ ತಿರುಗಿಸ್ತಾರೆ?"

ಪಾಪವಂತೆ! ವಯಸ್ಸಾಯಿತಂತೆ! ಲಿಂಗಮ್ಮನ ಕೈಯಲ್ಲಿದ್ದ ಸಗಣಿ ಗೋಡೆಗೆ ಫಟ್ಟೆಂದು ಬಡಿಯಿತು. "ನನ್ನ ಸೀಟಿಗೇ ಕಣ್ಣು ಹಾಕಿದ್ಯೇನೇ ಬೋಸೂಡಿ?" ಎಂದು ಹಲ್ಲು ಕಡಿದಳು.

ತಿಮ್ಮಯ್ಯನಿಗೆ ಗುಂಡಿಯ ಮಾತು ಹಿಡಿಸಿತು. ಮೈಸೂರು ರಸ್ತೆಯ ತಿರುವಿನಲ್ಲಿ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ಗೋಪೀನಾಥ ಎರಡು ದಿನ ಕಾರಿನಡಿ ಮಲಗಿ, ಗುಜರಿಯಿಂದ ತಂದ ಸ್ಟಾರ್ಟರ್ ಮೋಟಾರು ಕೂರಿಸಿ, ಹೊಸ ಬ್ಯಾಟರಿ ಇಟ್ಟು, ಸ್ಟಿಯರಿಂಗ್ ಪಕ್ಕದ ಹಲಗೆಗೆ ನಾಲ್ಕಾಣೆಯಷ್ಟಗಲದ ಕಪ್ಪು ಗುಂಡಿಯೊಂದನ್ನು ಹಾಕಿದ. ತಿಮ್ಮಯ್ಯ ಒತ್ತಿದ. ಕಾರು ಎದ್ದಿತು. ನೋಡಲು ಬಂದಿದ್ದ ಜನ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ತೋಳು ಬೀಳುವಂತೆ ಎಳೆದಾಗ ಒಬ್ಬನಾದರೂ ಚಪ್ಪಾಳೆ ತಟ್ಟಿದ್ದನೇ?

"ಇನ್ನು ಮಗು ಒತ್ತಿದ್ರೂ ಏಳ್ತದೆ ಗೌಡ್ರೇ" ಎಂದ ಗೋಪೀನಾಥ. ಯಶೋದಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಮನೆಗೆ ಹೊಸದು ಏನೇ ಬರಲಿ, ನೇಗಿಲೋ ಒನಕೆಯೋ, ಮೊದಲು ಅದಕ್ಕೆ ಅರಿಶಿನ ಕುಂಕುಮ ಇಡುವುದು ಹಿರೀ ಸೊಸೆಯ ಹಕ್ಕು. ಲಿಂಗಮ್ಮ ತಟ್ಟೆ ಹಿಡಿದು ಹೋಗಿ ಗುಂಡಿಯ ನಡುವೆ ದೊಡ್ಡದೊಂದು ಬೊಟ್ಟು ಇಟ್ಟಳು. ಸೀಟು ಹೋದರೂ ಯಜಮಾನಿ ಯಾರೆಂಬುದು ಆ ಗುಂಡಿಗೂ ಗೊತ್ತಿರಲಿ ಎಂದುಕೊಂಡಳು.

ಮಾರನೆಯ ದಿನ ನೋಡುತ್ತಾಳೆ, ಅವಳ ಬೊಟ್ಟಿನ ಮೇಲೆ ಇನ್ನೊಂದು ಬೊಟ್ಟು! ದಿನವೂ ಮಿಂದ ಮೇಲೆ ಗುಂಡಿಗೆ ಕುಂಕುಮ ಇಟ್ಟರೆ ಗಂಡನಿಗೆ ದಾರಿಯಲ್ಲಿ ಏನೂ ಆಗುವುದಿಲ್ಲವೆಂದು ಯಶೋದಮ್ಮ ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡಿದ್ದಳಂತೆ. ಎಲಾ ಇವಳ! ಲಿಂಗಮ್ಮ ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿ, ಗುಂಡಿಯ ಸುತ್ತ ದಪ್ಪಗೆ ಬಳಿದು, ಮೇಲೆ ಮತ್ತೆ ಕುಂಕುಮ ಇಟ್ಟಳು. ಮರುದಿನ ಯಶೋದಮ್ಮ ಗಂಧ ತೇಯ್ದು ತಂದಳು. ಅದರ ಮರುದಿನ ಲಿಂಗಮ್ಮ ವಿಭೂತಿ ತಂದಳು. ಎಂಟು ದಿನ ಇದೇ ಪೈಪೋಟಿ. ತಿಮ್ಮಯ್ಯ ಕಾರು ಹತ್ತಿದಾಗಲೆಲ್ಲ ಪಂಚೆಯ ತುದಿಯಿಂದ ಗುಂಡಿಯ ಮೇಲ್ಮೈ ಒರೆಸಿ, ಹೆಂಗಸರ ಭಕ್ತಿಗೆ ಅಡ್ಡ ಬರಬಾರದೆಂದು ಸುಮ್ಮನಾಗುತ್ತಿದ್ದ. ಸಂದಿನಲ್ಲಿ ಇಳಿದದ್ದು ಅಲ್ಲೇ ಒಣಗುತ್ತಿತ್ತು.

ಒಂಬತ್ತನೆಯ ದಿನ ಕೆಂಗೇರಿಯಲ್ಲಿ ತಿಮ್ಮಯ್ಯನ ದೊಡ್ಡಪ್ಪನ ಮಗ ಮುನಿಯಪ್ಪನ ಮಗಳ ಮದುವೆ. ಧಾರೆಗೆ ತಿಮ್ಮಯ್ಯನೇ ಮುಂದೆ ನಿಲ್ಲಬೇಕು. ಲಿಂಗಮ್ಮ ಕೋಳಿ ಕೂಗುವ ಮೊದಲೇ ಎದ್ದು, ಧಾರೆ ಸೀರೆ ಉಟ್ಟು, ಕಾರಿನ ಹತ್ತಿರ ಬಂದಳು. ಮುಂದಿನ ಸೀಟಿನಲ್ಲಿ ಯಶೋದಮ್ಮ ಆಗಲೇ ಕೂತಿದ್ದಳು, ಜಡೆಯ ತುಂಬ ಮಲ್ಲಿಗೆ.

"ಇಳಿಯೇ."

"ಈಗ ಹ್ಯಾಂಡಲ್ ಇಲ್ವಲ್ಲ ಅಕ್ಕಯ್ಯ. ನಾನೂ ಒಂದ್ಕಿತ ಕೂತ್ಕೋತೀನಿ."

"ಇಳೀತೀಯೋ, ಜಡೆ ಹಿಡಿದು ಇಳಿಸ್ಲೋ?"

ಅಷ್ಟರಲ್ಲಿ ತಿಮ್ಮಯ್ಯ ರುಮಾಲು ಸುತ್ತಿಕೊಂಡು ಬಂದ. "ಹೊತ್ತಾಯ್ತು, ಹಿಂದೆ ಕೂತ್ಕೊಳ್ಳೇ ಲಿಂಗೀ" ಎಂದ. ಎಷ್ಟು ಸಲೀಸಾಗಿ ಅಂದುಬಿಟ್ಟ! ಲಿಂಗಮ್ಮನ ಕಣ್ಣಲ್ಲಿ ನೀರು ತುಂಬಿತು. ಆದರೂ ಹಿಂದೆ ಹತ್ತಿ ಕೂತಳು.

ತಿಮ್ಮಯ್ಯ ಗುಂಡಿ ಒತ್ತಿದ. ಒಳಗೆ ಹೋದ ಗುಂಡಿ ಮತ್ತೆ ಹೊರಗೆ ಬರಲಿಲ್ಲ. ಸ್ಟಾರ್ಟರ್ ಮೋಟಾರು ಕಿರ್ರೋ ಎಂದು ಅರಚಿತು, ಒಂದೇ ಸಮನೆ ಅರಚಿತು, ಅರಚುತ್ತಲೇ ಗಕ್ಕನೆ ನಿಂತಿತು. ವೈರಿನಿಂದ ಹೊಗೆ ಎದ್ದಿತು. ಮೂವರೂ ಹೊರಕ್ಕೆ ಜಿಗಿದರು.

ಸುಳ್ಳು ಯಾಕೆ, ಲಿಂಗಮ್ಮನಿಗೆ ಆ ಹೊಗೆ ಕಂಡು ಜೀವ ತಂಪಾಯಿತು. ತಿಮ್ಮಯ್ಯ ವೈರು ಕಿತ್ತು ಹೊಗೆ ನಿಲ್ಲಿಸಿದ್ದೇ ತಡ, ಓಡಿಹೋಗಿ ಹ್ಯಾಂಡಲ್ ತಂದಳು. "ಸರೀರಿ ಎಲ್ಲಾ. ನಾನೆಬ್ಬಿಸ್ತೀನಿ" ಎಂದು ಸೆರಗು ಸಿಕ್ಕಿಸಿ ಎಳೆದಳು. ಅದು ಒಂದು ನೂಲಿನಷ್ಟೂ ಅಲ್ಲಾಡಲಿಲ್ಲ. ಮತ್ತೆ ಎಳೆದಳು. ಕೆನ್ನೆ ಕೆಂಪಾಯಿತು, ಬಳೆ ಒಡೆಯಿತು, ಕಾರು ಮಿಸುಕಲಿಲ್ಲ. ಯಶೋದಮ್ಮನ ಮುಂದೆಯೇ ಹೀಗಾಗಬೇಕೇ?

ಗೋಪೀನಾಥ ಬಂದ. ಮೋಟಾರಿನ ಹಲ್ಲು ಎಂಜಿನ್ನಿನ ಹಲ್ಲಿಗೆ ಕಚ್ಚಿಕೊಂಡಿದೆ, ಇನ್ನು ಯಾರು ತಿರುಗಿಸಿದರೂ ತಿರುಗದು ಎಂದ. ಗೇರಿಗೆ ಹಾಕಿ ಕಾರನ್ನು ಹಿಂದಕ್ಕೂ ಮುಂದಕ್ಕೂ ತೂಗಾಡಿಸಿ ಹಲ್ಲು ಬಿಡಿಸಿದ. ಆಮೇಲೆ ಗುಂಡಿ ಬಿಚ್ಚಿ ನೋಡಿದರೆ ಒಳಗೆಲ್ಲ ಕೆಂಪು, ಹಳದಿ, ಬಿಳಿ ಪದರ. ಸ್ಕ್ರೂಡ್ರೈವರ್‌ನಿಂದ ಕೆರೆದು ಅಂಗೈಯಲ್ಲಿ ಹಿಡಿದು ತೋರಿಸಿದ.

"ಗೌಡ್ರೇ, ಮಾರಿಗುಡೀಲೂ ಇಷ್ಟು ಮೆತ್ತಲ್ಲ. ಯಾರ್ ಮಾಡಿದ್ದು ಇದು?"

"ಅವಳು" ಎಂದರು ಇಬ್ಬರೂ ಒಟ್ಟಿಗೆ.

ಧಾರೆಯ ಹೊತ್ತು ಮೀರಿತ್ತು. ಮುನಿಯಪ್ಪ ಬೇರೆ ಯಾರನ್ನೋ ಮುಂದೆ ನಿಲ್ಲಿಸಿಕೊಂಡು ಮಗಳನ್ನು ಧಾರೆ ಎರೆದ. ತಿಮ್ಮಯ್ಯ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇವತ್ತಿಂದ ನೀವಿಬ್ರೂ ಕಾರು ಮುಟ್ಟಬ್ಯಾಡಿ, ಹತ್ತಬ್ಯಾಡಿ. ನಂಗೆ ಯಾರೂ ಬೇಕಾಗಿಲ್ಲ" ಎಂದ. ಗೋಪೀನಾಥ ತೊಳೆದು, ಹೊಸ ವೈರು ಎಳೆದು ಮತ್ತೆ ಹಾಕಿಕೊಟ್ಟ ಗುಂಡಿ ನಿಜವಾಗಿಯೂ ಅಂಥದ್ದೇ ಆಗಿತ್ತು, ಅದಕ್ಕೆ ಯಾರೂ ಬೇಕಾಗಿರಲಿಲ್ಲ.

ವಾರ ಕಳೆಯಿತು. ಅಂದು ಬೆಳಗ್ಗೆ ತಿಮ್ಮಯ್ಯ ಕೋರ್ಟಿಗೆ ಹೊರಟ. ಕಾಗದದ ಕಟ್ಟನ್ನು ಮುಂದಿನ ಸೀಟಿನ ಮೇಲಿಟ್ಟು, ಗುಂಡಿ ಒತ್ತಿ, ಹಿಂತಿರುಗಿ ನೋಡದೆ ಹೋದ. ಹೆಂಡತಿಯರಿಬ್ಬರೂ ಜಗಲಿಯ ಎರಡು ತುದಿಗೆ ನಿಂತಿದ್ದರು. ಇವಳಿಗೂ ಸಿಗಲಿಲ್ಲವಲ್ಲ ಎಂದು ಲಿಂಗಮ್ಮನಿಗೆ ಒಂದು ಗಳಿಗೆ ಖುಷಿಯಾಯಿತು. ಕಾರು ರಸ್ತೆಗೆ ತಿರುಗುವಷ್ಟರಲ್ಲಿ ಆ ಖುಷಿಯೂ ಹೋಯಿತು. ಸವತಿಯಾದರೆ ಹಿಡಿದೆಳೆಯಲು ಜಡೆಯಾದರೂ ಇರುತ್ತದೆ, ಕಾಗದದ ಕಟ್ಟಿನ ಮೇಲೆ ಎಂಥ ಜಗಳ ಕಾಯುವುದು?

ಯಶೋದಮ್ಮ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದಳು. "ಅಕ್ಕಯ್ಯ, ಒಂದ್ಮಾತು ಕೇಳ್ಲಾ? ಬೈಬಾರ್ದು."

"ಏನದು?"

"ಕಾರಲ್ಲಿ ಅವ್ರು ನಿಮ್ಹತ್ರ ಏನ್ ಮಾತಾಡ್ತಿದ್ರು?"

ಲಿಂಗಮ್ಮ ಅವಳ ಮುಖ ನೋಡಿದಳು.

"ನೀವಿಬ್ರೂ ಮಾತಾಡ್ಕೊಂಡು ಬರೋದನ್ನ ದಿನಾ ಇಲ್ಲೇ ನಿಂತು ನೋಡ್ತಿದ್ದೆ. ಮನೇಲಿ ನನ್ಹತ್ರ ಒಂದ್ ಮಾತೂ ಆಡಲ್ಲ ಕಣಕ್ಕಯ್ಯ. ನಾಕು ವರ್ಷದಿಂದ. ನೀರು ಕೊಡು, ಎಲೆ ಕೊಡು, ದೀಪ ಆರಿಸು, ಅಷ್ಟೇಯ. ಅದ್ಕೇ ಆ ಸೀಟಲ್ಲಿ ಒಂದ್ಕಿತ ಕೂತು ನೋಡಾಣ ಅಂತ..." ಅವಳಿಗೆ ಅಳು ಒತ್ತರಿಸಿ ಬಂತು. "ಏನ್ ಹೇಳ್ತಿದ್ರು ಹೇಳಿ ಅಕ್ಕಯ್ಯ, ಕೇಳ್ತೀನಿ."

ಲಿಂಗಮ್ಮನ ನಾಲಗೆಯ ತುದಿಯವರೆಗೂ ಎಲ್ಲ ಬಂತು, ಬಾವಿ, ಹುರಿಹಿಟ್ಟು, ಕುಂಬಳಗೋಡಿನ ಹತ್ತಿರ ಆಡಿದ ಆ ಮಾತು. ಇನ್ನು ಮುಂದೆ ಅಂಥ ಮಾತು ತನಗೂ ಇಲ್ಲ. ಎದುರಿಗೆ ನಿಂತವಳನ್ನು ಕಂಡು ಅಯ್ಯೋ ಅನ್ನಿಸಿತು, ನಿಜ. ಆದರೂ ಇರುವ ಅಷ್ಟರಲ್ಲೂ ಇವಳಿಗೆ ಪಾಲು ಕೊಡಬೇಕೇ?

"ಏನೂ ಇಲ್ಲ ಕಣೇ. ಬಾಯಿ ಬಿಡ್ತಿರ್ಲಿಲ್ಲ" ಎಂದು ಹೇಳಿ ಲಿಂಗಮ್ಮ ಒಳಗೆ ಹೋದಳು.