ಕೂಗದ ಚಕ್ರ

"ಟಾರ್ಚ್ ಸ್ವಲ್ಪ ಈ ಕಡೆ ಹಿಡಿಯೇ. ನನ್ನ ಮುಖಕ್ಕಲ್ಲ, ಚಕ್ರಕ್ಕೆ."

ಅವಳು ಟಾರ್ಚನ್ನು ಚಕ್ರದ ಕಡೆ ತಿರುಗಿಸಿದಳು. ಊಟದ ಮೇಜಿನ ಮೇಲೆ ಹಳೆಯ ದುಪ್ಪಟಿ ಹಾಸಿ, ಅದರ ಮೇಲೆ ಗಂಡ ತನ್ನ ಒಂಟಿ ಚಕ್ರವನ್ನು ಜ್ವರ ಬಂದ ಮಗುವಿನಂತೆ ಜೋಪಾನವಾಗಿ ಮಲಗಿಸಿದ್ದ. ಮೇಜು ಚಕ್ರದ ಪಾಲಾಗಿದ್ದರಿಂದ ಇಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡಿದ್ದರು. ವಾರವಿಡೀ ಹೋಟೆಲೊಂದರ ಲಾಂಡ್ರಿಯಲ್ಲಿ ನಿಂತೇ ಇಸ್ತ್ರಿ ಮಾಡುವ ಅವಳಿಗೆ ಭಾನುವಾರವಾದರೂ ಕೂತು ಉಣ್ಣುವ ಆಸೆ. ಅದನ್ನು ಹೇಳಿ ಜಗಳ ತೆಗೆಯುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಚಕ್ರ ಅವಳ ತಮ್ಮ ಕೊಟ್ಟದ್ದು. ಅವನು ದೊಡ್ಡದೊಂದು ಕೊಂಡಾಗ ಹಳೆಯದನ್ನು ಭಾವನಿಗೆ ದಾಟಿಸಿದ್ದ. ಒಂದೇ ಒಂದು ದಪ್ಪ ಟೈರು, ಅದರ ಎರಡೂ ಪಕ್ಕಕ್ಕೆ ಮಡಚುವ ಪಾದದ ಹಲಗೆ, ಹೊಟ್ಟೆಯೊಳಗೆ ಮೋಟರು, ಬ್ಯಾಟರಿ. ಸೀಟಿಲ್ಲ, ಹ್ಯಾಂಡಲ್ಲಿಲ್ಲ, ಮರ್ಯಾದೆಯಂತೂ ಇಲ್ಲವೇ ಇಲ್ಲ ಎಂಬುದು ಅವಳ ಅಭಿಪ್ರಾಯ. ಹತ್ತಿ ನಿಂತು ಮುಂದಕ್ಕೆ ವಾಲಿದರೆ ಹೊರಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಐವತ್ತು ದಾಟಿದ ಗಂಡಸು ನಡುಮನೆಯ ಗೋಡೆ ಹಿಡಿದುಕೊಂಡು ಅದನ್ನು ಕಲಿತಿದ್ದ. ಗೋಡೆಯ ಮೇಲೆ ಗ್ರೀಸಿನ ಕೈಗುರುತುಗಳು ಇನ್ನೂ ಇದ್ದವು, ಅವಳು ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

ಆದರೆ ಅವನ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಗಾಡಿ. ಅವನು ಲಿಫ್ಟ್ ರಿಪೇರಿ ಮಾಡುವವನು. ಕಟ್ಟಡದಿಂದ ಕಟ್ಟಡಕ್ಕೆ ಹೆಗಲಿಗೆ ಚೀಲ ಹಾಕಿಕೊಂಡು ಚಕ್ರದ ಮೇಲೆ ಹೋಗುತ್ತಿದ್ದ. ನಿಲ್ಲಿಸಲು ಜಾಗ ಹುಡುಕುವ ತಾಪತ್ರಯವಿಲ್ಲ, ಚಕ್ರವೂ ಅವನ ಜೊತೆಗೇ ಲಿಫ್ಟು ಹತ್ತುತ್ತಿತ್ತು. ಈಗ ಅದೇ ಚಕ್ರ ಸೇತುವೆಯ ಇಳಿಜಾರಿನಲ್ಲಿ ಅವನನ್ನು ಎತ್ತಿ ಒಗೆದಿತ್ತು. ಒಂದು ಸಲವಲ್ಲ, ಎರಡು ಸಲ. ಮಂಡಿ ಊದಿಕೊಂಡಿತ್ತು.

"ಹೇಳದೆ ಕೇಳದೆ ಬೀಳಿಸತ್ತೆ ಕಣೇ. ವೇಗ ಜಾಸ್ತಿ ಆದ್ರೆ ಮೊದಲು ಕೂಗಬೇಕು. ಕೂಗಿ, ಆಮೇಲೆ ಕೈ ಬಿಡಬೇಕು. ಇದು ಕೂಗೋದೇ ಇಲ್ಲ."

"ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಳ್ಳಿ ಅಂದೆನಲ್ಲ."

"ನಾಳೆ ಇನ್ನೊಬ್ಬರನ್ನ ಬೀಳಿಸಲಿ ಅಂತಾನಾ?"

ಅವನು ಊದಿದ ಮಂಡಿಯನ್ನು ನೀವಿಕೊಂಡು, ಚಕ್ರದ ಪಕ್ಕದ ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಚಹಾದ ಬಟ್ಟಲಿಗೆ ಹಾಕತೊಡಗಿದ. ಎಡಗೈಯ ತೋರುಬೆರಳಿಗೆ ದಪ್ಪನೆಯ ಬ್ಯಾಂಡೇಜಿತ್ತು. ಅದು ಚಕ್ರ ಮಾಡಿದ ಗಾಯವಲ್ಲ, ಲಿಫ್ಟು ಮಾಡಿದ್ದು. ಆ ಬೆರಳನ್ನು ನೆಟ್ಟಗೆ ಹಿಡಿದುಕೊಂಡು ಅವನು ಕೆಲಸ ಮಾಡುತ್ತಿದ್ದುದರಿಂದ, ಇಡೀ ಮಧ್ಯಾಹ್ನ ಯಾರಿಗೋ ಬೈಯುತ್ತಿರುವಂತೆ ಕಾಣುತ್ತಿತ್ತು.

ನಿಜಕ್ಕೂ ಬೈಯುತ್ತಲೇ ಇದ್ದ. ಬೈಗುಳ ಸಲ್ಲುತ್ತಿದ್ದದ್ದು ದಪ್ಪಣ್ಣನಿಗೆ. ಕಡ್ಡಿಯಂತಿದ್ದ ಆ ಮನುಷ್ಯನಿಗೆ ದಪ್ಪಣ್ಣ ಎಂದು ಹೆಸರಿಟ್ಟವರು ಇವನ ಆಫೀಸಿನವರೇ. ಇಬ್ಬರದೂ ಬಹಳ ವರ್ಷಗಳ ಜೋಡಿ. ದಪ್ಪಣ್ಣ ಲಿಫ್ಟಿನ ಒಳಗೆ ಗುಂಡಿ ಒತ್ತುವವನು, ಇವನು ಅದರ ನೆತ್ತಿಯ ಮೇಲೆ ನಿಂತು ಅದು ಜಾರುವ ಕಂಬಿ, ಎಳೆಯುವ ಹಗ್ಗ ನೋಡುವವನು. ಲಿಫ್ಟನ್ನು ಕದಲಿಸುವ ಮೊದಲು ದಪ್ಪಣ್ಣ ಬಜರ್ ಒತ್ತಬೇಕು. ನೆತ್ತಿಯ ಮೇಲಿರುವ ಸಣ್ಣ ಡಬ್ಬಿ ಕೀಚೆಂದು ಕೂಗಿದ ಕೂಡಲೇ ಇವನು ಕೈ ಹಿಂದಕ್ಕೆ ತೆಗೆಯಬೇಕು. ಕಳೆದ ವಾರ ಲಿಫ್ಟು ಕದಲಿತು, ಇವನ ಕೈ ಕಂಬಿಯ ಮೇಲೆಯೇ ಇತ್ತು. ಉಗುರು ಮಾತ್ರ ಹೋದದ್ದು ಪುಣ್ಯ, ಬೆರಳೇ ಹೋಗುವುದಿತ್ತು. ಬಜರ್ ಒತ್ತಿಯೇ ಕದಲಿಸಿದೆ ಎಂದು ದಪ್ಪಣ್ಣ ಆಣೆ ಹಾಕಿದ. ಒತ್ತಲೇ ಇಲ್ಲ ಎಂದು ಇವನು ಎಲ್ಲರೆದುರು ಕೂಗಾಡಿ ಮೇಲಿನವರಿಗೆ ದೂರು ಕೊಟ್ಟು ಬಂದ. ನಾಳೆ ಬೆಳಗ್ಗೆ ಇಬ್ಬರನ್ನೂ ಆಫೀಸಿಗೆ ಕರೆದಿದ್ದರು. ದಪ್ಪಣ್ಣನ ಕೆಲಸ ಹೋಗುವುದು ಹೆಚ್ಚುಕಡಿಮೆ ಖಾತ್ರಿ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಏಕೆಂದರೆ ಅವನ ವಿರುದ್ಧ ಹೇಳುತ್ತಿರುವವನು ಕಿವಿಯಣ್ಣ.

ಕಿವಿಯಣ್ಣ ಎಂದರೆ ಇವನೇ. ನೆಲಮಹಡಿಯಲ್ಲಿ ಕಣ್ಣು ಮುಚ್ಚಿ ನಿಂತು, ಯಾವ ಮಹಡಿಯ ಬಾಗಿಲಿನ ಗಾಲಿ ಸವೆದಿದೆಯೆಂದು ಹೇಳುತ್ತಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ, ಹಿಡಿಯನ್ನು ಕಿವಿಗೆ ಕೊಟ್ಟು ಬೇರಿಂಗಿನ ಆಯಸ್ಸು ಹೇಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳು ಬಾಗಿಲಾಚೆ ಚಪ್ಪಲಿ ಬಿಡುವ ಸದ್ದಿನಲ್ಲೇ ಅವಳಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಅದು ಅವಳಿಗೆ ಆಗ ಹೆಮ್ಮೆಯಾಗಿತ್ತು.

ಟೈರಿನ ಗಾಳಿ ಕಡಿಮೆಯಿತ್ತು, ತುಂಬಿಸಿದ. ಬಲಗಡೆಯ ಪಾದದ ಹಲಗೆ ಅಲುಗಾಡುತ್ತಿತ್ತು, ಬಿಗಿ ಮಾಡಿದ. ಮೋಟರಿನಿಂದ ಬೋರ್ಡಿಗೆ ಹೋಗುವ ತಂತಿಯ ಜೋಡಣೆಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದ. ಕೊನೆಗೆ ಸ್ಕ್ರೂಡ್ರೈವರನ್ನು ಕಿವಿಗೆ ಕೊಟ್ಟು ಟೈರನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದ. ಅವನ ಮುಖ ಒಂದು ಕ್ಷಣ ಹಗುರಾಯಿತು.

"ಬೇರಿಂಗ್ ಚೆನ್ನಾಗಿದೆ. ಗುರ್ ಅಂತ ಒಂದೇ ಸಮ ಬರ್ತಿದೆ."

ಅಷ್ಟರಲ್ಲಿ ಅವಳ ತಮ್ಮನ ಫೋನು ಬಂತು. ಗಂಡ ಎಂದಿನಂತೆ ಸ್ಪೀಕರ್ ಹಾಕಿ ಫೋನನ್ನು ಬಟ್ಟಲಿನ ಪಕ್ಕ ಇಟ್ಟ. ಈಚೆಗೆ ಯಾರ ಫೋನು ಬಂದರೂ ಸ್ಪೀಕರ್ರೇ. ಕೈ ಖಾಲಿ ಇರಲಿ ಎನ್ನುತ್ತಿದ್ದ.

"ಭಾವ, ಎತ್ತಿ ಹಿಡಿದು ತಿರುಗಿಸಿ ನೋಡಿದ್ರಾ? ನೆಲಕ್ಕೆ ತಾಗದೆ ಇದ್ರೆ ಅದು ತಾನಾಗೇ ಪೂರ್ತಿ ವೇಗಕ್ಕೆ ಹೋಗತ್ತೆ. ಆಗ ಕೂಗಲೇಬೇಕು."

"ಏನಂದೆ? ಬಾಯಲ್ಲಿ ಏನಾದ್ರೂ ಇಟ್ಕೊಂಡಿದ್ದೀಯಾ?"

"ಎತ್ತಿ ಹಿಡೀರಿ ಅಂದೆ. ಅಕ್ಕನ ಕೈಲಿ ಹಿಡಿಸಿ. ಅವಳ ತೋಳು ನಿಮ್ಮದಕ್ಕಿಂತ ಗಟ್ಟಿ."

"ಅದೊಂದು ಸರಿಯಾಗಿ ಕೇಳಿಸ್ತು ನೋಡು," ಎಂದು ಅವನು ಫೋನಿಟ್ಟ.

ಚಕ್ರವನ್ನು ನೆಲಕ್ಕಿಳಿಸಿದರು. ಎತ್ತಿಕೊಳ್ಳಲೆಂದು ಅದರ ನೆತ್ತಿಯಲ್ಲಿದ್ದ ಸಣ್ಣ ಹಿಡಿಯನ್ನು ಅವಳು ಎರಡೂ ಕೈಯಿಂದ ಹಿಡಿದು ಎತ್ತಿದಳು. ಹೋಟೆಲಿನ ಒದ್ದೆ ಹಾಸಿಗೆವಸ್ತ್ರದ ಬುಟ್ಟಿಗಿಂತ ಅದೇನೂ ಭಾರವಿರಲಿಲ್ಲ. ಅವನು ಗುಂಡಿ ಒತ್ತಿ, ಹಿಡಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸುವಂತೆ ಸನ್ನೆ ಮಾಡಿ, ಬೋರ್ಡಿನ ಹತ್ತಿರ ತಲೆ ಬಗ್ಗಿಸಿದ. ಟೈರು ತಿರುಗಿತು, ಇನ್ನೂ ಜೋರಾಗಿ ತಿರುಗಿತು, ಗಾಳಿ ಅವಳ ಸೀರೆಯ ನೆರಿಗೆಗೆ ಬಡಿಯಿತು. ಆಮೇಲೆ ಚಕ್ರ ಕೂಗಿತು. ಸೂಜಿಯಂತೆ ಸಣ್ಣಗೆ, ಬಿಟ್ಟು ಬಿಟ್ಟು, ಕಿವಿಯ ಒಳಗೆ ಕೆರೆಯುವಂತೆ ಕೂಗಿತು. ಪಕ್ಕದ ಮನೆಯ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಬೊಗಳತೊಡಗಿತು. ಚಕ್ರ ತಾನಾಗಿ ಶಕ್ತಿ ಕಳೆದುಕೊಂಡು ನಿಂತಿತು.

"ನೋಡಿದ್ಯಾ?" ಅವನು ತಲೆಯೆತ್ತಿ ಗೆದ್ದವನಂತೆ ನೋಡಿದ. "ಒಂದು ಚೂರೂ ಕೂಗಲಿಲ್ಲ. ಈ ನಾಯಿಗೇನಾಯ್ತು ಇದ್ದಕ್ಕಿದ್ದ ಹಾಗೆ?"

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಅವನ ಮುಖದಲ್ಲಿ ತಮಾಷೆಯಿರಲಿಲ್ಲ.

"ನಿನಗೆ ಕೇಳಿಸ್ತಾ?"

ಕೈಯಲ್ಲಿ ಚಕ್ರ ಇನ್ನೂ ತೂಗುತ್ತಿತ್ತು. ನೀರು ಕುದಿದು ಸಿಳ್ಳೆ ಹಾಕುತ್ತಿದ್ದ ಕೆಟಲಿನ ಪಕ್ಕದಲ್ಲೇ ಕೂತು ಅವನು ಪೇಪರ್ ಓದುತ್ತಿದ್ದದ್ದು ಅವಳಿಗೆ ನೆನಪಾಯಿತು. ಬಟ್ಟೆ ಒಗೆದು ಮುಗಿಸಿ ವಾಶಿಂಗ್ ಮಶೀನು ಬೀಪ್ ಬೀಪ್ ಎಂದು ಬಡಕೊಳ್ಳುತ್ತಿದ್ದರೂ "ಇನ್ನೂ ಆಗಿಲ್ಲ" ಎಂದಿದ್ದು ನೆನಪಾಯಿತು. ಸೋಮಾರಿತನವೆಂದು ಆಗ ಬಾಯಿಗೆ ಬಂದದ್ದು ಅಂದಿದ್ದಳು. ಅವನ ಬಗ್ಗೆ ಈಗ ಅವಳಿಗೆ ಅಯ್ಯೋ ಅನ್ನಿಸಿತು. ತಪ್ಪು ಚಕ್ರದ್ದೇ ಆಗಿಬಿಡಲಿ, ಚಕ್ರ ಮನೆಯಿಂದ ಹೋಗಲಿ, ಇವನು ಕಿವಿಯಣ್ಣನಾಗಿಯೇ ಉಳಿಯಲಿ. ಅಷ್ಟು ಯೋಚಿಸುವಷ್ಟರಲ್ಲಿ ಬಾಯಿ ಉತ್ತರ ಕೊಟ್ಟಾಗಿತ್ತು.

"ಇಲ್ಲಪ್ಪ. ಏನೂ ಕೇಳಿಸಲಿಲ್ಲ."

"ಹಾಗಾದ್ರೆ ಬಜರ್ ಸತ್ತಿದೆ. ಅಷ್ಟೇ ಕತೆ."

ಅವನಿಗೆ ಎಲ್ಲಿಲ್ಲದ ಹುರುಪು ಬಂತು. ಕುಂಟುತ್ತಾ ಒಳಗೆ ಹೋಗಿ ತನ್ನ ತಗಡಿನ ಡಬ್ಬಿ ತಂದು ಮೇಜಿನ ಮೇಲೆ ಸುರುವಿದ. ನಟ್ಟು, ವಾಶರು, ತುಂಡು ತಂತಿಗಳ ನಡುವೆ ಕೆದಕಿ, ಕರಿಯ ಗುಂಡಿಯಂತಹದೊಂದನ್ನು ಹೆಕ್ಕಿದ. ಅದಕ್ಕೆ ಎರಡು ತಂತಿಯ ಬಾಲವಿತ್ತು.

"ಇದನ್ನೇ ಬೆಸೀತೀನಿ. ಹಳೇದು, ಆದ್ರೆ ಗಟ್ಟಿ. ನಮ್ಮ ಲಿಫ್ಟ್ ನೆತ್ತಿ ಮೇಲೆ ಇರತ್ತಲ್ಲ, ಅದೇ ಜಾತಿ. ಅದೇ ಕೂಗು."

ಕೈಯಲ್ಲಿದ್ದ ಚಕ್ರವನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. ದಪ್ಪಣ್ಣ ಬಜರ್ ಒತ್ತಿದ್ದ. ಒತ್ತಿಯೇ ಇದ್ದ. ನಾಳೆ ಆಫೀಸಿನಲ್ಲಿ ಅವನು ಮತ್ತೆ ಅದನ್ನೇ ಹೇಳುತ್ತಾನೆ, ಯಾರೂ ನಂಬುವುದಿಲ್ಲ. ನಾಡಿದ್ದು ಇನ್ಯಾರೋ ಗುಂಡಿ ಒತ್ತುತ್ತಾರೆ, ಇವನ ಕೈ ಕಂಬಿಯ ಮೇಲೆಯೇ ಇರುತ್ತದೆ. ಕೈಯೋ, ತಲೆಯೋ.

"ರೀ..."

"ತಡಿ, ಬೆಸೆಯೋಕೆ ಮುಂಚೆ ಒಂದು ಸಲ ನೋಡ್ಕೋತೀನಿ."

ಟಾರ್ಚಿನಿಂದ ಬ್ಯಾಟರಿ ಸೆಲ್ಲುಗಳನ್ನು ಬಿಚ್ಚಿ ಸಾಲಾಗಿ ಹಿಡಿದು, ಬಜರನ್ನು ಬಲಗೈಯ ಎರಡು ಬೆರಳುಗಳ ನಡುವೆ ಇಟ್ಟುಕೊಂಡು, ಅದರ ತಂತಿಗಳನ್ನು ಸೆಲ್ಲಿಗೆ ತಾಗಿಸಿದ. ಬಜರ್ ಕಿರುಚಿತು. ಪಕ್ಕದ ಅಂಗಳದಲ್ಲಿ ನಾಯಿ ಮತ್ತೆ ಬೊಗಳಿತು.

"ಇದೂ ಸತ್ತಿ..."

ಮಾತು ಅಲ್ಲಿಗೇ ನಿಂತಿತು. ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ತಂತಿ ಬಿಟ್ಟ, ಮತ್ತೆ ತಾಗಿಸಿದ. ನಾಯಿ ಸುಮ್ಮನಾಯಿತು, ಮತ್ತೆ ಬೊಗಳಿತು. ಬೆರಳುಗಳ ನಡುವೆ ಆ ಕರಿಯ ಗುಂಡಿ ನಡುಗುತ್ತಿದೆಯೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಜೀವವಿರುವ ಯಂತ್ರ ಯಾವುದು, ಇಲ್ಲದ್ದು ಯಾವುದು ಎಂದು ಮುಟ್ಟಿದರೆ ಗೊತ್ತಾಗದಿರುವಷ್ಟು ಹೊಸಬನಲ್ಲ ಅವನು.

ಅವನು ಒಂದು ಸಲ ಕಿವಿಯಲ್ಲಿ ಕಿರುಬೆರಳಿಟ್ಟು ಅಲುಗಿಸಿದ, ನೀರು ಹೊಕ್ಕವರು ಮಾಡುವಂತೆ.

"ನಾಯಿಗೆ ಕೇಳಿಸ್ತಿದೆ," ಎಂದ.

ಅವಳು ಕುರ್ಚಿ ಎಳೆದು ಕೂತಳು.

"ನಿನಗೂ ಕೇಳಿಸಿತ್ತು."

"ಹ್ಞೂಂ."

"ಚಕ್ರದ್ದೂ."

"ಅದೂ ಕೇಳಿಸ್ತು ಕಣ್ರೀ. ಸುಳ್ಳು ಹೇಳ್ದೆ. ನಿಮಗೆ ಬೇಜಾರಾಗತ್ತೆ ಅಂತ."

ಅವನು ಸಿಟ್ಟು ಮಾಡುತ್ತಾನೆ ಎಂದುಕೊಂಡಿದ್ದಳು. ಮಾಡಿದ್ದರೆ ಚೆನ್ನಾಗಿತ್ತು. ಅವನು ತಲೆ ತಗ್ಗಿಸಿ, ಬಟ್ಟಲಿನಲ್ಲಿದ್ದ ಸ್ಕ್ರೂಗಳನ್ನು ಬೆರಳಲ್ಲಿ ಅತ್ತಿತ್ತ ಮಾಡಿದ.

"ಬೇರಿಂಗ್ ಸದ್ದು ಕೇಳಿಸ್ತಲ್ಲ," ಎಂದ, ಯಾರೋ ತನ್ನಿಂದ ಏನನ್ನೋ ಕಿತ್ತುಕೊಂಡು ಹೋಗಿದ್ದಾರೆ ಎಂಬಂತೆ. "ಮೋಟರು ಕೇಳಿಸತ್ತೆ. ನಾಯಿ ಕೇಳಿಸತ್ತೆ. ನೀನು ಬೈಯೋದು ಕೇಳಿಸತ್ತೆ."

"ನಾನು ದಪ್ಪ ದನೀಲಿ ಬೈತೀನಿ ಬಿಡಿ."

ಅವನು ನಗಲಿಲ್ಲ, ಆದರೆ ಬಾಯಿಯ ತುದಿ ಸ್ವಲ್ಪ ಸಡಿಲಾಯಿತು. ಆಮೇಲೆ ಎದ್ದು ನಿಂತ.

"ಏಳು. ಇನ್ನೊಂದು ಸಲ ನೋಡೋಣ. ಅಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತ್ಕೋ."

"ಯಾಕ್ರೀ?"

"ನನ್ನ ಕೈ ನೋಡಿ ಹೇಳಬಾರದು. ಕೂಗಿದಾಗ ಕೈ ಎತ್ತು. ನಿಲ್ಲಿಸಿದಾಗ ಇಳಿಸು. ಈ ಸಲ ಸುಳ್ಳು ಬೇಡ."

ಒಂದು ದಿನ ಕೂತಿರಬೇಕೆಂದುಕೊಂಡಿದ್ದ ಕಾಲುಗಳ ಮೇಲೆ ಅವಳು ಮತ್ತೆ ಎದ್ದು ನಿಂತಳು. ಗ್ರೀಸಿನ ಕೈಗುರುತುಗಳು ಅವಳ ಕಣ್ಣೆದುರಿಗೇ ಇದ್ದವು. ಬೀಳಬಾರದೆಂದು ಹಿಡಿದುಕೊಂಡ ಕೈಗಳ ಗುರುತುಗಳು ಅವಳ ಹೆಗಲಿನ ಎತ್ತರಕ್ಕೆ ಬಾಗಿಲವರೆಗೂ ಹೋಗಿದ್ದವು.

ಹಿಂದೆ ಬಜರ್ ಕೂಗಿತು. ಅವಳು ಕೈ ಎತ್ತಿದಳು. ನಿಂತಿತು, ಇಳಿಸಿದಳು. ಅವನು ಸುಲಭದಲ್ಲಿ ನಂಬುವವನಲ್ಲ. ಒಮ್ಮೆ ತಾಗಿಸಿಯೂ ತಾಗಿಸದಂತೆ, ಒಮ್ಮೆ ಬಹಳ ಹೊತ್ತು ಸುಮ್ಮನಿದ್ದು, ಒಮ್ಮೆ ಬಾಗಿಲ ಹತ್ತಿರ ಹೋಗಿ, ಒಮ್ಮೆ ಅವಳ ಬೆನ್ನ ಹಿಂದೆಯೇ ಬಂದು, ಲಿಫ್ಟನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ತನ್ನನ್ನು ತಾನು ಪರೀಕ್ಷಿಸಿಕೊಂಡ. ಅವಳ ಕೈ ಒಂದು ಸಲವೂ ತಪ್ಪಲಿಲ್ಲ. ತಪ್ಪಲಿ ಎಂದು ಅವಳಿಗೇ ಅನ್ನಿಸಿತು, ಆದರೂ ತಪ್ಪಿಸಲಿಲ್ಲ. ನಾಯಿ ಬೊಗಳಿ ಬೊಗಳಿ ಸುಸ್ತಾಗಿ ಗುರುಗುಟ್ಟುತ್ತಿತ್ತು.

ಕೊನೆಗೆ ಬಜರ್ ಮೇಜಿನ ಮೇಲೆ ಬಿದ್ದ ಸದ್ದು ಕೇಳಿತು. ಸೆಲ್ಲುಗಳು ಉರುಳಿ ಬಟ್ಟಲಿಗೆ ತಾಗಿದವು. ಕುರ್ಚಿ ಕಿರುಗುಟ್ಟಿತು. ಅವಳು ತಿರುಗಲಿಲ್ಲ. ತಿರುಗಿದರೆ ಅವನ ಮುಖ ನೋಡಬೇಕಾಗುತ್ತಿತ್ತು, ಅವನಿಗೂ ಅದು ಬೇಡವಾಗಿತ್ತು.

ಫೋನಿನ ಗುಂಡಿಗಳನ್ನು ಒತ್ತುವ ಸದ್ದು. ಆಚೆ ಕಡೆ ರಿಂಗಾಗುತ್ತಿರುವುದು ಅವಳಿಗೂ ಕೇಳಿಸುತ್ತಿತ್ತು, ಸ್ಪೀಕರ್ ಹಾಕಿದ್ದ. ಬಹಳ ಹೊತ್ತು ರಿಂಗಾಯಿತು. ಎತ್ತುವುದಿಲ್ಲವೇನೋ ಎನ್ನುವಷ್ಟರಲ್ಲಿ ಯಾರೋ ಎತ್ತಿದರು. ಉಸಿರು ಮಾತ್ರ ಬರುತ್ತಿತ್ತು. ಆಮೇಲೆ ದಪ್ಪಣ್ಣನ ದನಿ, ತೀರ ಮೆಲ್ಲಗೆ, "ಹೇಳು," ಎಂದಿತು.

ಅವನು ಗಂಟಲು ಸರಿಮಾಡಿಕೊಂಡ.

"ಸ್ವಲ್ಪ ಜೋರಾಗಿ ಮಾತಾಡೋ," ಎಂದ. "ನನಗೆ ಕೇಳಿಸಲ್ಲ."

ಅವಳು ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಕೈ ತಾನಾಗಿ ಮೇಲೆದ್ದು, ಅಲ್ಲಿದ್ದ ಕರಿಯ ಗುರುತೊಂದರ ಮೇಲೆ ಕೂತಿತ್ತು.